‘ಸೈಡು’ ಪದದ ಬಳಕೆ ಹಾಗೂ ತೊಣ್ಣೂರಿನ ಚಲುವಯ್ಯನವರಿಗೆ ತಪ್ಪಿದ ಬೀಗರೂಟ

ಸಂಬಂಧಪಟ್ಟ ಇಲಾಖೆ
(ಸೈಡು ಶಾಖೆ)

ಸಂಖ್ಯೆ: ಸಂ.ಇ/ಸೈಡು/ಆಚೆ-ಈಚೆ/೭
ದಿನಾಂಕ: ಮಾಘ ಕಳೆದ ಮೊದಲ ಸೋಮವಾರ, ಊಟದ ವಿರಾಮದ ನಂತರ

ಸುತ್ತೋಲೆ

ವಿಷಯ: ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ‘ಸೈಡು’ ಎಂಬ ಪದವನ್ನು ಹದ್ದುಬಸ್ತಿನಲ್ಲಿ ಬಳಸುವ ಬಗ್ಗೆ.

ಉಲ್ಲೇಖ:
೧. ತೊಣ್ಣೂರಿನ ಶ್ರೀ ಚಲುವಯ್ಯನವರು ಹಾಲಿನ ಡೈರಿಯ ಮುಂದೆ ನಿಂತು, ಯಾರನ್ನೂ ಉದ್ದೇಶಿಸದೆ, ಎಲ್ಲರಿಗೂ ಕೇಳುವಂತೆ ಸಲ್ಲಿಸಿದ ಮೌಖಿಕ ದೂರು.
೨. ಸದರಿಯವರ ಪತ್ನಿ ಶ್ರೀಮತಿ ಸೋಮಮ್ಮನವರು ಸದರಿ ದೂರಿನ ಮೇಲೆ ಫೋನಿನಲ್ಲಿ ಹಾಕಿದ ಷರಾ.

ಪ್ರಸ್ತಾವನೆ:

ಮಾಘದ ಬಿಸಿಲು ಆಗಷ್ಟೇ ಚುರುಕಾಗುತ್ತಿತ್ತು. ರಾಗಿ ಕಣ ಮುಗಿದು ಹುಲ್ಲು ಮೆದೆ ಸೇರಿದ್ದು, ಕಬ್ಬಿನ ಕಟಾವು ಮಾತ್ರ ಭರದಲ್ಲಿತ್ತು. ಅಂದು ಚಲುವಯ್ಯನವರು ನಸುಕಿಗೇ ಎದ್ದು ಹಸು ಕರೆದು, ಡೈರಿಗೆ ಹಾಲು ಹಾಕಿ, ಕೊಟ್ಟಿಗೆಯ ಸಗಣಿ ಬಾಚಿ, ಮಿಂದು, ಇಸ್ತ್ರಿಯ ಬಿಳಿ ಶರ್ಟು ತೊಟ್ಟು ಜಗಲಿಯ ಮೇಲೆ ಕುಳಿತಿದ್ದರೆಂದು ವಿಚಾರಣೆಯಿಂದ ತಿಳಿದುಬಂದಿದೆ. ಬೆಳಗಿನ ತಿಂಡಿಯನ್ನು ಅವರು ಉದ್ದೇಶಪೂರ್ವಕವಾಗಿ ಕೈಬಿಟ್ಟಿದ್ದರು. ಕಾರಣ, ಅಂದು ದೇವಲಾಪುರದಲ್ಲಿ ಬೀಗರೂಟವಿತ್ತು.

ಸದರಿ ಮದುವೆಯಲ್ಲಿ ಹುಡುಗಿ ತನುಶ್ರೀ, ಗಂಜಾಮಿನಲ್ಲಿರುವ ಚಲುವಯ್ಯನವರ ತಂಗಿ ಮಂಗಳಮ್ಮನ ಮಗಳು. ಹುಡುಗ ದಿಲೀಪ, ಚಲುವಯ್ಯನವರ ಹೆಂಡತಿಯ ತಮ್ಮ ದೇವರಾಜುವಿನ ಮಗ. ಹುಡುಗಿಯನ್ನು ಹಸೆಗೆ ಕರೆತಂದವರೂ ಚಲುವಯ್ಯನವರೇ, ಅದಕ್ಕೂ ಮೊದಲು ಎರಡು ಮನೆಗಳ ನಡುವೆ ಓಡಾಡಿ ಸಂಬಂಧ ಕುದುರಿಸಿದವರೂ ಅವರೇ. ಧಾರೆ ಮುಗಿದ ಮೇಲೆ ದೇವರಾಜು ಛತ್ರದಲ್ಲಿಯೇ ಎಲೆಅಡಿಕೆ ತಟ್ಟೆ ಹಿಡಿದು ಹೆಣ್ಣಿನ ಕಡೆಯವರನ್ನೆಲ್ಲ ಬೀಗರೂಟಕ್ಕೆ ಒಬ್ಬೊಬ್ಬರನ್ನಾಗಿ ಕರೆದರು. ಚಲುವಯ್ಯನವರ ಮುಂದೆ ಬಂದಾಗ, “ಭಾವ ನಮ್ ಸೈಡು, ಇವ್ರನ್ನೇನ್ ಕರೆಯಾದು!” ಎಂದು ನಕ್ಕು ತಟ್ಟೆಯನ್ನು ಮುಂದಕ್ಕೆ ಸಾಗಿಸಿದರು. ಗಂಡಿನ ಮನೆಯಲ್ಲಿ ತಮ್ಮವರನ್ನು ತಾವೇ ಕರೆಯುವ ಪದ್ಧತಿ ಇಲ್ಲ. ಗಂಜಾಮಿನವರು ಟೆಂಪೋ ಗೊತ್ತುಮಾಡುವಾಗ, “ಅಣ್ಣ ಆ ಸೈಡಿಂದ ಬತ್ತನೆ” ಎಂದು ಅವರ ಸೀಟು ಲೆಕ್ಕ ಹಿಡಿಯಲಿಲ್ಲ. ಮಸಾಲೆ ಅರೆಯಲು ಮೊದಲೇ ತವರಿಗೆ ಹೋಗಿದ್ದ ಸೋಮಮ್ಮನವರು, ಗಂಡ ಗಂಜಾಮಿನ ಟೆಂಪೋದಲ್ಲಿ ಬರುತ್ತಾರೆಂದು ನೆಮ್ಮದಿಯಾಗಿದ್ದರು. ಹೀಗೆ ಎರಡೂ ಸೈಡಿಗೆ ಸೇರಿದ ಒಬ್ಬ ವ್ಯಕ್ತಿಯನ್ನು ಯಾವ ಸೈಡಿನವರೂ ಕರೆಯದೇ ಹೋದದ್ದು ಇಲಾಖೆಯ ಗಮನಕ್ಕೆ ಬಂದಿರುತ್ತದೆ.

ಬಿಸಿಲೇರುವ ಹೊತ್ತಿಗೆ ಗಂಜಾಮಿನ ಟೆಂಪೋ ತೊಣ್ಣೂರಿಗೆ ಬಂತು. ಅದರ ಮುಂದೆ ಧರ್ಮೇಂದ್ರ ಎಂಬುವರ ಕಬ್ಬಿನ ಟ್ರಾಕ್ಟರು ಇದ್ದುದರಿಂದ, ಟೆಂಪೋ ಸರಿಯಾಗಿ ಚಲುವಯ್ಯನವರ ಜಗಲಿಯ ಎದುರಿಗೇ ನಿಲ್ಲಬೇಕಾಯಿತು.

“ಸೈಡ್ ಬುಡ್ಲಾ, ಬೀಗ್ರೂಟಕ್ಕೆ ಓಯ್ತಿದೀವಿ!” ಎಂದು ಟೆಂಪೋ ಚಾಲಕ ಕೂಗಿದ.

“ಯಾವ್ ಸೈಡ್ಗೆ ಬುಡ್ಲಿ? ಈ ಸೈಡು ಮೋರಿ, ಆ ಸೈಡು ಚಲುವಣ್ಣನ್ ಮೆದೆ! ಮೂಳೆ ಎಲ್ಲೂ ಓಡೋಗಕಿಲ್ಲ, ತಡ್ಕಳ್ಲಾ,” ಎಂದ ಧರ್ಮೇಂದ್ರ.

ಮಂಗಳಮ್ಮ ಕಿಟಕಿಯಿಂದ ತಲೆ ಹಾಕಿದರು. “ಯಾಕಣ್ಣ, ಇನ್ನೂ ಇಲ್ಲೇ ಕುಂತಿದೀಯ? ನೀನು ಆಗ್ಲೇ ಓಗಿ ಒಲೆ ಮುಂದೆ ನಿಂತಿರ್ತೀಯ ಅಂದ್ಕಂಡಿದ್ದೆ.”

“ಓಗನ ಬುಡವ್ವ, ಏನವಸ್ರ,” ಎಂದರು ಚಲುವಯ್ಯ, ಜಗಲಿಯಿಂದ ಅರ್ಧ ಎದ್ದು.

“ಆ ಸೈಡೋರು ಕಾರ್ ಕಳಿಸ್ತಾರೇನೋ ಕಣಮ್ಮಿ, ಅಣ್ಣ ದೊಡ್ ಮನ್ಸ ಈಗ!” ಎಂದು ಒಳಗಿನಿಂದ ಯಾರೋ ನಗೆಯಾಡಿದರು.

ಟೆಂಪೋದಲ್ಲಿದ್ದವರೆಲ್ಲ ಯೋಗಕ್ಷೇಮ ವಿಚಾರಿಸಿದರು. ಹಸು ಎಷ್ಟು ಹಾಲು ಕೊಡುತ್ತದೆಂದೂ ಕೇಳಿದರು. ‘ಟೆಂಪೋ ಹತ್ತು’ ಎಂಬ ಒಂದು ಮಾತು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಮುಂದಿನ ಸೀಟಿನಲ್ಲಿ ಒಂದು ಬಾಳೆಗೊನೆ ಆರಾಮವಾಗಿ ಒರಗಿಕೊಂಡಿತ್ತು. ಧರ್ಮೇಂದ್ರ ಹೇಗೋ ಟ್ರಾಕ್ಟರನ್ನು ಮೋರಿಯ ಅಂಚಿಗೆ ಸರಿಸಿದ; ಹಿಂದಿನ ಚಕ್ರವೊಂದು ಮೋರಿಗೆ ಇಳಿಯಿತು. ಟೆಂಪೋ ಹೊರಟಿತು. ಅರ್ಧ ಎದ್ದಿದ್ದ ಚಲುವಯ್ಯನವರು ಅಷ್ಟೇ ನಿಧಾನವಾಗಿ ಕುಳಿತರು.

ಮಧ್ಯಾಹ್ನ ಸೋಮಮ್ಮನವರ ಫೋನು ಬಂತು. “ಎಲ್ಲಿದೀಯ? ಎರಡ್ನೇ ಪಂಕ್ತಿ ಕುಂತಾಯ್ತು!”

“ಮನೇಲವ್ನಿ. ನನ್ನ ಯಾರು ಕರೆದ್ರು?”

“ನನ್ ತಮ್ಮನ್ ಮನೆಗೆ ಬರಕೆ ನಿಂಗೆ ಕರೆ ಬೇರೆ ಕೇಡು!”

“ನಿನ್ ತಮ್ಮನ್ನೇ ಕೇಳು, ನಾನ್ ಯಾವ್ ಸೈಡು ಅಂತ.”

ಆ ದಿನ ಅವರು ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿಕೊಂಡು ಕುಡಿದರು. ಅಂದಿನಿಂದ ಎರಡೂ ಮನೆಗಳವರ ಫೋನನ್ನು ಎತ್ತುತ್ತಿಲ್ಲ. ಎರಡು ಮನೆಗಳನ್ನು ಕೂಡಿಸಿದ ಮನುಷ್ಯನೇ ಎರಡನ್ನೂ ಕಳೆದುಕೊಳ್ಳುವ ಸಂಭವವಿರುವುದರಿಂದ, ಈ ಕೆಳಕಂಡಂತೆ ಅಪ್ಪಣೆಯಾಗಿದೆ.

೧. ‘ನಾಗಮಂಗಲ ಸೈಡು’, ‘ಕೆ.ಆರ್.ಪೇಟೆ ಸೈಡು’ ಎನ್ನುವಾಗ ಕಡ್ಡಾಯವಾಗಿ ಕೈ ತೋರಿಸತಕ್ಕದ್ದು. ಕೈಯಲ್ಲಿ ಹಾಲಿನ ಕ್ಯಾನಿದ್ದಲ್ಲಿ ಗದ್ದದಿಂದ ತೋರಿಸಲು ವಿನಾಯಿತಿ ನೀಡಲಾಗಿದೆ. ತೋರಿಸಿದ ಕಡೆ ಆ ಊರು ಇಲ್ಲದಿದ್ದಲ್ಲಿ ಇಲಾಖೆ ಹೊಣೆಯಲ್ಲ.

೨. ಕಬ್ಬಿನ ಟ್ರಾಕ್ಟರಿನವರು ಹಿಂದಿನ ವಾಹನಕ್ಕೆ ಸೈಡು ಕೊಡತಕ್ಕದ್ದು. ಆದರೆ ಹಿಂದಿನ ವಾಹನವು ಬೀಗರೂಟದ್ದಾಗಿದ್ದು, ರಸ್ತೆ ಬದಿಯ ಜಗಲಿಯಲ್ಲಿ ಬಿಳಿ ಶರ್ಟಿನ ವ್ಯಕ್ತಿ ಕುಳಿತಿದ್ದಲ್ಲಿ, ಆ ವ್ಯಕ್ತಿ ವಾಹನ ಹತ್ತುವವರೆಗೂ ಸೈಡು ಕೊಡತಕ್ಕದ್ದಲ್ಲ.

೩. ಕಚೇರಿಗಳಲ್ಲಿ ಅರ್ಜಿಯನ್ನು ‘ಸೈಡಿಗಿಡಿ’ ಎನ್ನುವವರು ಯಾವ ಸೈಡಿಗೆ ಎಂಬುದನ್ನು ನಮೂದಿಸತಕ್ಕದ್ದು. ಈ ಶಾಖೆಯಲ್ಲಿ ಕಡತಗಳನ್ನು ಸೈಡಿಗಿಡುತ್ತಿದ್ದ ಜಾಗದಲ್ಲಿ ಒಂದು ಕಿಟಕಿ ಇದೆಯೆಂಬುದು ಇತ್ತೀಚೆಗೆ ಪತ್ತೆಯಾಗಿದೆ.

೪. ಎಲೆಯ ಮೇಲೆ ಬೋಟಿ ಗೊಜ್ಜು, ಲಿವರ್ ಫ್ರೈ ಮುಂತಾದವನ್ನು ‘ಸೈಡ್ಸು’ ಎಂದು ಕರೆಯುವುದರಿಂದ ಸದರಿ ಪದಾರ್ಥಗಳ ಮನಸ್ಸಿಗೆ ನೋವಾಗುತ್ತಿದೆ. ಇನ್ನು ಮುಂದೆ ಮುದ್ದೆಯನ್ನು ನಡು ಎಂದು ಪರಿಗಣಿಸಿ, ಉಪ್ಪಿನಿಂದ ಹಿಡಿದು ನೀರಿನ ಲೋಟದವರೆಗೆ ಎಲ್ಲವನ್ನೂ ಸೈಡು ಎಂದು ಘೋಷಿಸಲಾಗಿದೆ.

೫. ಗಂಡ-ಹೆಂಡಿರ ಜಗಳದಲ್ಲಿ ಸೈಡು ತೆಗೆದುಕೊಂಡ ನೆರೆಯವರು, ಅವರು ರಾಜಿಯಾದ ಸಂಜೆಯೇ ಸದರಿ ಸೈಡನ್ನು ಸುಸ್ಥಿತಿಯಲ್ಲಿ ಹಿಂದಿರುಗಿಸತಕ್ಕದ್ದು.

೬. ಹಸುಗಳು ಯಾವ ಸೈಡಿನಿಂದ ಕರೆಯಿಸಿಕೊಳ್ಳಬೇಕೆಂಬುದನ್ನು ಸ್ವತಃ ಅರಿತಿದ್ದು, ತಪ್ಪಿದವರಿಗೆ ಸ್ಥಳದಲ್ಲಿಯೇ ದಂಡನೆ ವಿಧಿಸುತ್ತಿರುವುದರಿಂದ, ಅವುಗಳಿಗೆ ಈ ಸುತ್ತೋಲೆ ಅನ್ವಯಿಸುವುದಿಲ್ಲ.

೭. ಮದುವೆಯಲ್ಲಿ ಎರಡೂ ಸೈಡಿಗೆ ಸೇರಿದವರನ್ನು ಎರಡೂ ಸೈಡಿನವರು ಪ್ರತ್ಯೇಕವಾಗಿ ಕರೆಯತಕ್ಕದ್ದು. ಎರಡು ಸಲ ಕರೆಯಿಸಿಕೊಂಡವರು ಎರಡು ಸಲ ಉಣ್ಣಲು ಅರ್ಹರು.

ವಿಶೇಷ ಷರಾ: ಈ ಸುತ್ತೋಲೆಯು ಸಹಿಗಾಗಿ ಮೇಜಿನ ಮೇಲಿದ್ದಾಗ (ಕಿಟಕಿಯ ಸೈಡಿನಲ್ಲಿ ಅಲ್ಲ) ಈ ಕೆಳಗಿನ ಬೆಳವಣಿಗೆ ವರದಿಯಾಗಿರುತ್ತದೆ.

ಭಾನುವಾರ ತನುಶ್ರೀ ಮತ್ತು ದಿಲೀಪ ದೇವಲಾಪುರದಿಂದ ಗಂಜಾಮಿಗೆ ಬೈಕಿನಲ್ಲಿ ಹೊರಟವರು ತೊಣ್ಣೂರಿನಲ್ಲಿ ನಿಲ್ಲಿಸಿದರು. ಚಲುವಯ್ಯನವರು ಮೇವು ಕತ್ತರಿಸುತ್ತಿದ್ದರು. ತಲೆ ಎತ್ತಲಿಲ್ಲ.

“ಮಾವ, ಒಟ್ಟೆ ಅಸೀತಾ ಐತೆ. ಏನಾರ ಇಕ್ಕು,” ಎಂದಳು ತನುಶ್ರೀ.

“ಯಾರವ್ವ ನಿನ್ನ ಕರೆದಿದ್ದು?”

“ಯಾರೂ ಕರೀನಿಲ್ಲ. ನಾನೇ ಬಂದೆ. ನಿನ್ನಂಗೆ ಜಗ್ಲಿ ಮ್ಯಾಲೆ ಕುಂತ್ರೆ ಒಟ್ಟೆ ತುಂಬ್ತದಾ?”

ಕುಡುಗೋಲು ನಿಂತಿತು. “ಯಾವ್ ಸೈಡೋಳಾಗಿ ಬಂದಿದೀಯವ್ವ?”

“ಅಲ್ಲಿ ಗಂಜಾಂ ಸೈಡೋಳು ಅಂತಾರೆ. ಗಂಜಾಮ್ಗೋದ್ರೆ ದೇವ್ಲಾಪುರದ ಸೈಡೋಳು ಬಂದ್ಲು ಅಂತಾರೆ. ನಂಗೂ ಗೊತ್ತಾಯ್ತಿಲ್ಲ ಮಾವ. ನಿನ್ ಪಕ್ಕದಲ್ಲೇ ಒಂದೆಲೆ ಆಕ್ಸು, ಇಬ್ರೂ ಕೂತ್ಕಳನ.”

ಚಲುವಯ್ಯನವರು ಕುಡುಗೋಲನ್ನು ಮೆದೆಗೆ ಸಿಕ್ಕಿಸಿದರು. ಆಮೇಲೆ, ತವರಿನಿಂದ ವಾಪಸಾಗಿದ್ದ ಹೆಂಡತಿಗೆ ಕೇಳುವಂತೆ ಒಳಕ್ಕೆ ತಿರುಗಿ, “ಲೇ ಸೋಮಿ, ಮಸಾಲೆಗೆ ಕೈ ಆಕು!” ಎಂದು ಕೂಗಿದರು. ಮದುಮಗನಿಗೆ, “ಲೋ ದಿಲೀಪ, ಬಾಯ್ ಬುಟ್ಕಂಡ್ ಯಾಕ್ ನಿಂತಿದ್ದೀಯ? ಆ ಕೆಂಪು ಉಂಜನ ಇಡಿಯೋ!” ಎಂದರು. ಹುಂಜವು ಮೆದೆಯನ್ನು ಸಾಕಷ್ಟು ಸಲ ಸುತ್ತಿದ ನಂತರ ದಿಲೀಪನ ವಶಕ್ಕೆ ಬಂದಿತೆಂದು ತಿಳಿದಿದೆ. ಮಾವ ಸೊಸೆ ಒಂದೇ ಚಾಪೆಯ ಮೇಲೆ ಉಂಡರು. ಹುಂಜದ ಕತ್ತಿನ ತುಂಡನ್ನು ಮಾವ ಸೊಸೆಯ ಎಲೆಗೂ, ಸೊಸೆ ಮಾವನ ಎಲೆಗೂ ಎತ್ತಿಹಾಕಿದ್ದರಿಂದ, ಅಂತಿಮವಾಗಿ ಅದನ್ನು ದಿಲೀಪ ತಿಂದಿರುತ್ತಾನೆ.

ಆ ಪ್ರಯುಕ್ತ ಕೊನೆಯ ಗಳಿಗೆಯಲ್ಲಿ ಸೇರಿಸಲಾದ ನಿಯಮ:

೮. ಯಾವ ಸೈಡು ಎಂಬುದು ಇತ್ಯರ್ಥವಾಗದವರು ಪರಸ್ಪರ ಪಕ್ಕದಲ್ಲಿ ಕುಳಿತುಕೊಳ್ಳತಕ್ಕದ್ದು. ಇದಕ್ಕೆ ಇಲಾಖೆಯ ಪೂರ್ವಾನುಮತಿ ಬೇಕಿಲ್ಲ.

ಸಹಿ/-
ಸೈಡು ಅಧಿಕಾರಿ (ಪ್ರಭಾರ)
ಸಂಬಂಧಪಟ್ಟ ಇಲಾಖೆ

ಪ್ರತಿಗಳು:
೧. ಶ್ರೀ ಧರ್ಮೇಂದ್ರ, ಟ್ರಾಕ್ಟರು ಚಾಲಕರು: ಮೋರಿಯಿಂದ ಹಿಂದಿನ ಚಕ್ರ ಎತ್ತಿದ ನಂತರ ಓದಿಕೊಳ್ಳುವುದು.
೨. ಶ್ರೀಮತಿ ಮಂಗಳಮ್ಮ, ಗಂಜಾಂ: ಬಾಳೆಗೊನೆಯು ಯಾವ ಸಂಬಂಧದ ಮೇಲೆ ಸೀಟು ಪಡೆಯಿತೆಂಬ ಬಗ್ಗೆ ಸಮಜಾಯಿಷಿ ನೀಡುವುದು.
೩. ಕೆ.ಆರ್.ಪೇಟೆ ಸೈಡಿನ ಎಲ್ಲ ಅಡುಗೆ ಭಟ್ಟರು: ನಿಯಮ ೪ರ ಪಾಲನೆಗಾಗಿ.
೪. ಶ್ರೀಮತಿ ತನುಶ್ರೀ: ಹಾಗೇ ಸುಮ್ಮನೆ.
೫. ಶ್ರೀ ದೇವರಾಜು, ದೇವಲಾಪುರ: ತಮ್ಮ ಕಡೆಯಿಂದ ಒಂದು ಬೀಗರೂಟ ಬಾಕಿ ಇರುತ್ತದೆ. ಕೋಳಿ ಉಂಡದ್ದನ್ನು ಕುರಿಯ ಬಾಬ್ತಿಗೆ ವಜಾ ಹಾಕಿಕೊಳ್ಳಲು ಚಲುವಯ್ಯನವರು ಒಪ್ಪಿರುವುದಿಲ್ಲ.