ಕಲ್ಲಿನ ಸಂದಿಯಲ್ಲಿ ಅಡಗಿರುವ ಮೀನಿನವರಿಗೆ ಒಬ್ಬ ಕ್ಷೌರಿಕನ ಬಿನ್ನಹ

ಮುಂಭಾಗ ನೇರಳೆ, ಹಿಂಭಾಗ ಹಳದಿ ಬಣ್ಣದವರೂ, ಬೆರಳುದ್ದದವರೂ, ನಮ್ಮ ಉಪ್ಪುನೀರಿನ ತೊಟ್ಟಿಯ ಏಕಮಾತ್ರ ನಿವಾಸಿಗಳೂ ಆದ ಮೀನಿನವರ ಸನ್ನಿಧಾನಕ್ಕೆ, ಎರಡು ಕುರ್ಚಿಯ ಕ್ಷೌರದಂಗಡಿಯ ಮಾಲೀಕನು ಕತ್ತರಿ ಕೆಳಗಿಟ್ಟು, ಕೈ ತೊಳೆದುಕೊಂಡು ಸಲ್ಲಿಸುವ ನಮಸ್ಕಾರಗಳು.

ಮಾನ್ಯರೇ, ತಾವು ಕ್ಷೇಮವೆಂದು ನಂಬಿದ್ದೇನೆ. ನಂಬದೆ ಬೇರೆ ದಾರಿಯೂ ಇಲ್ಲ, ಏಕೆಂದರೆ ತಾವು ದಯಮಾಡಿಸಿ ಹತ್ತೊಂಬತ್ತು ದಿನಗಳಾದರೂ, ಪ್ಲಾಸ್ಟಿಕ್ ಚೀಲದಿಂದ ಇಳಿದವರೇ ಕಲ್ಲಿನ ಸಂದಿಗೆ ನುಗ್ಗಿದಾಗ ಕಂಡ ಬಾಲದ ತುದಿಯನ್ನು ಬಿಟ್ಟರೆ ತಮ್ಮ ಶರೀರದ ಬೇರಾವ ಭಾಗವನ್ನೂ ನೋಡುವ ಭಾಗ್ಯ ನನಗೆ ಒದಗಿಲ್ಲ. ಹಾಕಿದ ಆಹಾರ ಮಾತ್ರ ಒಂದು ಚೂರೂ ಉಳಿಯದೆ ಖಾಲಿಯಾಗುತ್ತಿದೆ. ಈ ವಿಷಯದಲ್ಲಿ ತಮ್ಮ ಶಿಸ್ತನ್ನು ಎಷ್ಟು ಹೊಗಳಿದರೂ ಕಡಿಮೆಯೇ. ತಮಗೆ ಓದಲು ಬಾರದೆಂದು ಕೆಲವರು ಆಡಿಕೊಳ್ಳುತ್ತಿರುವುದರಿಂದ, ಈ ಪತ್ರದ ಒಂದು ಪ್ರತಿಯನ್ನು ಅಂಗಡಿಯ ಬಾಗಿಲಿಗೆ ಅಂಟಿಸಿ, ಇನ್ನೊಂದನ್ನು ತಮ್ಮ ಕಲ್ಲಿನ ಎದುರು ನಿಂತು ಗಟ್ಟಿಯಾಗಿ ಓದಲಿದ್ದೇನೆ.

ತಮ್ಮ ಆಗಮನಕ್ಕಾಗಿ ನಾವು ಪಟ್ಟ ಪಾಡನ್ನು ಮೊದಲು ಅರಿಕೆ ಮಾಡಿಕೊಳ್ಳುತ್ತೇನೆ. ನೀರು, ಉಪ್ಪು, ಸಮುದ್ರದ ಕಲ್ಲು ಎಲ್ಲವನ್ನೂ ತೊಟ್ಟಿಗೆ ತುಂಬಿ ಮುಗಿಸಿದ ಮೇಲೆ, ಮೀನಿನ ಅಂಗಡಿಯವರು ಬಹಳ ಸಾವಧಾನವಾಗಿ, ಇನ್ನು ಒಂದು ತಿಂಗಳು ಇದರಲ್ಲಿ ಏನನ್ನೂ ಬಿಡಬೇಡಿ, ಕಣ್ಣಿಗೆ ಕಾಣದ ಜೀವಿಗಳು ಬೆಳೆದು ನೀರು ಹದಕ್ಕೆ ಬರಬೇಕು ಎಂದರು. ಹೀಗಾಗಿ ನಾನು ಒಂದು ತಿಂಗಳ ಕಾಲ ಬರೀ ನೀರಿಗೆ ದೀಪ ಹಾಕಿ, ಬರೀ ನೀರನ್ನು ಬೆಚ್ಚಗಿಟ್ಟು, ಗಿರಾಕಿಗಳಿಗೆ ಬರೀ ನೀರನ್ನು ತೋರಿಸಿದೆ. ಎದುರಂಗಡಿಯ ದರ್ಜಿಯವರು ದಿನಕ್ಕೆರಡು ಸಲ ಇಣುಕಿ, "ನೀರಿಗೆ ಊಟ ಆಯ್ತಾ?" ಎಂದು ವಿಚಾರಿಸಿಕೊಂಡು ಹೋಗುತ್ತಿದ್ದರು. ಇಷ್ಟಾದ ಮೇಲೆ ತಾವು ಬಂದಿರಿ. ಬಂದೂ ದರ್ಜಿಯವರ ಬಾಯಿ ಮುಚ್ಚಿಸಲಿಲ್ಲ.

ಈಗ ನಮ್ಮ ತಂದೆಯವರ ವಿಷಯಕ್ಕೆ ಬರುತ್ತೇನೆ. ತೊಟ್ಟಿ ತಂದಿದ್ದೇ ಅವರಿಗಾಗಿ. ನಲವತ್ತು ವರ್ಷ ಇದೇ ಅಂಗಡಿಯಲ್ಲಿ ಕತ್ತರಿ ಹಿಡಿದವರು, ಮೂರು ವರ್ಷದ ಹಿಂದೆ ಕೈ ನಡುಗಲು ಶುರುವಾದಾಗ ಯಾರೂ ಹೇಳುವ ಮೊದಲೇ ತಾವಾಗಿ ಕತ್ತರಿಯನ್ನು ಡ್ರಾಯರಿಗೆ ಹಾಕಿ, ಗೋಡೆ ಪಕ್ಕದ ಬೆಂಚಿನ ಮೇಲೆ ಕುಳಿತುಬಿಟ್ಟರು. ಬಂದವರು ನಮಸ್ಕಾರ ಹೇಳಿ ಪೇಪರಿಗೆ ಕೈ ಹಾಕುತ್ತಿದ್ದರೇ ಹೊರತು ಮಾತಿಗೆ ಸಿಗುತ್ತಿರಲಿಲ್ಲ. ಅಪ್ಪ ದಿನವಿಡೀ ನೆಲದ ಮೇಲೆ ಬಿದ್ದ ಕೂದಲನ್ನೇ ನೋಡುತ್ತ ಕೂರುವುದನ್ನು ನನಗೆ ನೋಡಲಾಗಲಿಲ್ಲ. ಆದರೆ ಅವರನ್ನು ಸಾಮಾನ್ಯರೆಂದು ತಿಳಿಯಬೇಡಿ. ಮೊದಲ ದಿನ ಉಪ್ಪು ಕಲಸುವಾಗ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ, "ಒಂಚೂರು ಕಮ್ಮಿ ಆಯ್ತು ಕಣೋ" ಎಂದರು. ನಾನು ನಕ್ಕೆ. ಉಪ್ಪಿನಂಶ ಅಳೆಯುವ ಉಪಕರಣ ಮುಳುಗಿಸಿ ನೋಡಿದರೆ, ಅದೂ ಒಂಚೂರು ಕಮ್ಮಿಯೆಂದೇ ತೋರಿಸಿತು.

ಇಂಥವರು ತಮ್ಮ ದರ್ಶನವಾಯಿತೆಂದು ಹೇಳುತ್ತಿದ್ದಾರೆ. ಮಧ್ಯಾಹ್ನ ನಾನು ಅರ್ಧ ಬಾಗಿಲು ಎಳೆದು ಮನೆಗೆ ಊಟಕ್ಕೆ ಹೋದಾಗ, ಅಲುಗಾಡದೆ ಕುಳಿತ ಅವರೊಬ್ಬರಿಗೇ ತಾವು ಕಾಣಿಸಿಕೊಳ್ಳುತ್ತೀರಂತೆ. ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಅವರು ಮನೆಯಲ್ಲಿ ಎಲ್ಲರೆದುರು, "ಅವನು ತಲೆಕೆಳಗಾಗಿ ಈಜ್ತಾನೆ, ಕನ್ನಡಿ ಕಡೆ ತಿರುಗಿ ಬಾಯಿ ಅಗಲಿಸಿ ಬೈತಾನೆ" ಎಂದುಬಿಟ್ಟರು. ನಮ್ಮ ಅಕ್ಕ ಭಾವನ ಮುಖ ನೋಡಿದಳು, ಭಾವ ಫ್ಯಾನು ನೋಡಿದರು. ಆಮೇಲೆ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದು, "ಅಪ್ಪನಿಗೆ ಅರಳುಮರಳು ಶುರುವಾಗಿದೆ, ಇನ್ನು ಅಂಗಡಿಗೆಲ್ಲ ಬೇಡ, ನಮ್ಮನೇಲಿ ಇಟ್ಕೋತೀನಿ" ಎಂದಳು. ಅವಳ ಮನೆ ಮೂರನೇ ಮಹಡಿಯಲ್ಲಿದೆ. ಅಲ್ಲಿ ಅಪ್ಪನಿಗೆ ಕೂದಲಿನ ವಾಸನೆಯಿಲ್ಲ, ಕತ್ತರಿಯ ಸದ್ದಿಲ್ಲ, ನಾನೂ ಇರುವುದಿಲ್ಲ. ಭಾನುವಾರ ನಾಲ್ಕು ಗಂಟೆಗೆ ಅಂಗಡಿಗೇ ಬಂದು ಕಣ್ಣಾರೆ ನೋಡಿ ತೀರ್ಮಾನಿಸುತ್ತಾಳಂತೆ. ಒಟ್ಟಿನಲ್ಲಿ ನಮ್ಮಪ್ಪ ಎಲ್ಲಿರಬೇಕೆಂಬುದು ತಮ್ಮ ಮರ್ಜಿಯ ಮೇಲೆ ನಿಂತಿದೆ.

ನಾನೂ ಸುಮ್ಮನೆ ಕೂರದೆ ಮೀನಿನ ಅಂಗಡಿಗೆ ಓಡಿದೆ. ಅವರು ಎಲ್ಲ ಕೇಳಿ, ತಮ್ಮ ಕುಲದ ಮೀನಿನವರು ಮುಂಚಾಚಿದ ಕಲ್ಲಿನ ಕೆಳಗೆ ತಲೆಕೆಳಗಾಗಿಯೇ ಈಜುತ್ತಾರೆಂದೂ, ಸ್ವಜಾತಿಯವರನ್ನು ಕಂಡರೆ ಆಗದೆ ಬಾಯಿ ಅಗಲಿಸಿ ಹೆದರಿಸುತ್ತಾರೆಂದೂ ತಿಳಿಸಿ, "ತೊಟ್ಟೀನ ಎಲ್ಲಿಟ್ಟಿದ್ದೀರಿ?" ಎಂದು ಕೇಳಿದರು. ನಾನು ಹೆಮ್ಮೆಯಿಂದಲೇ ಹೇಳಿದೆ. ಎದುರುಬದುರು ಗೋಡೆಯ ಎರಡು ದೊಡ್ಡ ಕನ್ನಡಿಗಳ ನಡುವೆ, ಒಂದಕ್ಕೆ ಒರಗಿಸಿ ಇಟ್ಟಿದ್ದೇನೆ, ಒಂದು ಮೀನು ಬಿಟ್ಟರೆ ನೂರು ಕಾಣಬೇಕು ಎಂದು. ಅವರು ಕೈಯಲ್ಲಿದ್ದ ಬಲೆಯನ್ನು ಕೆಳಗಿಟ್ಟು ಹಣೆ ಚಚ್ಚಿಕೊಂಡರು.

ಮಾನ್ಯರೇ, ತಪ್ಪು ನನ್ನದೇ. ತಮಗೆ ಸುಖವಾದ ಮನೆಯೆಂದು ತೋರಿಸಿ, ಆ ಮನೆಯ ಸುತ್ತ ತಮ್ಮದೇ ಮುಖದ ನೂರು ಶತ್ರುಗಳನ್ನು ಸಾಲಾಗಿ ನಿಲ್ಲಿಸಿದವನು ನಾನು. ಆದರೂ ಅಷ್ಟು ದೊಡ್ಡ ಸೈನ್ಯವನ್ನು ಒಬ್ಬರೇ ಎದುರಿಸಿ, ಬೈದು, ಮತ್ತೆ ಹೋಗಿ ಊಟ ಮಾಡಿ ಮಲಗುವ ತಮ್ಮ ಧೈರ್ಯ ನಮ್ಮ ಭಾವನಿಗೆ ಅರ್ಧವಾದರೂ ಇದ್ದಿದ್ದರೆ ಎಂದು ಅನೇಕ ಸಲ ಅನ್ನಿಸಿದೆ. ನೀರು ತುಂಬಿದ ತೊಟ್ಟಿಯನ್ನು ಅಲುಗಿಸುವಂತಿಲ್ಲವಾದ್ದರಿಂದ, ಗಿರಾಕಿಗಳಿಗೆ ಹೊದಿಸುವ ಬಿಳಿ ಬಟ್ಟೆಗಳನ್ನೇ ಹೊಲಿಸಿ ಎರಡೂ ಕನ್ನಡಿಗಳನ್ನು ಇಂದು ಬೆಳಿಗ್ಗೆ ಮುಚ್ಚಿದ್ದೇನೆ. ಹೊಲಿದುಕೊಟ್ಟವರು ಆ ದರ್ಜಿಯವರೇ. ಅವರ ಸಂತೋಷವನ್ನು ವರ್ಣಿಸಲಾರೆ. ಕನ್ನಡಿಯಿಲ್ಲದ ಕ್ಷೌರದಂಗಡಿಯನ್ನು ತಾವು ಬೇರೆಲ್ಲಾದರೂ ಕಂಡಿದ್ದರೆ ದಯವಿಟ್ಟು ತಿಳಿಸಿ.

ಪ್ರತಿಯಾಗಿ ನನ್ನ ಬೇಡಿಕೆಗಳು ತೀರಾ ಅಲ್ಪ. ಭಾನುವಾರ ನಾಲ್ಕಕ್ಕೆ ಐದು ನಿಮಿಷ ಇರುವಾಗ ತಾವು ಹೊರಬಂದು, ಮೊದಲು ಲೋಕರೂಢಿಯಂತೆ ನೆಟ್ಟಗೆ ಒಂದು ಸುತ್ತು ಹಾಕಿ, ಅಕ್ಕ ಕನ್ನಡಕ ಹಾಕಿಕೊಂಡದ್ದನ್ನು ಖಚಿತಪಡಿಸಿಕೊಂಡು, ಆಮೇಲೆ ಅಪ್ಪ ಹೇಳಿದಂತೆ ತಲೆಕೆಳಗಾಗಬೇಕು. ಬಾಯಿ ಅಗಲಿಸುವ ಕಾರ್ಯಕ್ರಮವನ್ನು ಅಕ್ಕನ ಕಡೆ ತಿರುಗಿ ಮಾಡಬಾರದು, ಅವಳು ಹತ್ತು ವರ್ಷ ನೆನಪಿಟ್ಟುಕೊಳ್ಳುತ್ತಾಳೆ. ಭಾವನ ಕಡೆ ಧಾರಾಳವಾಗಿ ಮಾಡಬಹುದು. ಸಾಧ್ಯವಾದರೆ ಅಪ್ಪನ ಕಡೆ ನೋಡಿ ಒಮ್ಮೆ ತಲೆದೂಗಿ. ಆಗದಿದ್ದರೆ ಬೇಡ, ಬಂದರೆ ಸಾಕು. ದಯವಿಟ್ಟು ಬನ್ನಿ.

ಇಂತಿ, ನಾಳೆಯೂ ತೊಟ್ಟಿಯ ಗಾಜು ಒರೆಸಲಿರುವ,
ತಮ್ಮ ವಿಶ್ವಾಸಿ,
ಅಂಗಡಿಯವನು

ವಿ.ಸೂ. (ಒಂದು ವಾರದ ಬಳಿಕ ಸೇರಿಸಿದ್ದು): ಭಾನುವಾರ ನಾನು ಹೇಳಿದ ಹೊತ್ತಿಗೇ ತಾವು ಬಂದಿರಿ, ತಲೆಕೆಳಗಾದಿರಿ, ಭಾವನಿಗೆ ಬಾಯಿ ಅಗಲಿಸಿದಿರಿ. ಕೃತಜ್ಞ. ಆದರೆ ಅಕ್ಕ ತಮ್ಮನ್ನು ಸರಿಯಾಗಿ ನೋಡಲಿಲ್ಲವೆಂದು ತಿಳಿಸಲು ವಿಷಾದವಾಗುತ್ತದೆ. ಕುರ್ಚಿಯಲ್ಲಿದ್ದ ಮೇಷ್ಟ್ರು ಕನ್ನಡಿ ಕಾಣದೆ, "ಹೇಗಾಗಿದೆ?" ಎಂದು ಬೆಂಚಿನ ಕಡೆ ಕೇಳಿದ್ದೇ ತಡ, ಅಪ್ಪ ಎದ್ದು ಬಂದು ಅವರ ಸುತ್ತ ಎರಡು ಸುತ್ತು ಹಾಕಿ, "ಎಡಗಿವಿ ಮೇಲೆ ಒಂಚೂರು ಜಾಸ್ತಿ ಉಳಿಸಿದ್ದೀಯಲ್ಲೋ, ಕಣ್ಣು ಕಾಣಲ್ವಾ?" ಎಂದು ಎಲ್ಲರೆದುರು ನನ್ನ ಮಾನ ಕಳೆದರು. ಉಳಿದಿತ್ತು ನಿಜ. ಅಕ್ಕ ಬಾಗಿಲಲ್ಲೇ ನಿಂತು ಅವರನ್ನೇ ನೋಡುತ್ತಿದ್ದಳು. ಹೊರಡುವಾಗ ಕೇಳಿದ್ದು ಇಷ್ಟೇ: "ಅಪ್ಪಾ, ನಾಳೆ ಊಟಾನ ಇಲ್ಲಿಗೇ ಕಳಿಸ್ಲಾ?" ಅಂದಿನಿಂದ ಕನ್ನಡಿಯ ಬಟ್ಟೆ ತೆಗೆಯಲು ಅಪ್ಪ ಬಿಟ್ಟಿಲ್ಲ, ಗಿರಾಕಿಗಳೂ ಬಿಟ್ಟಿಲ್ಲ, "ಹೇಗಾಗಿದೆ?" ಎಂದು ಎಲ್ಲರೂ ಅಪ್ಪನನ್ನೇ ಕೇಳುತ್ತಾರೆ. ತಾವೀಗ ಬೆಳಿಗ್ಗೆಯಿಂದ ಸಂಜೆಯವರೆಗೆ ಗಾಜಿಗೆ ಮೂಗು ಒತ್ತಿ ಬೆಂಚಿನ ಕಡೆಯೇ ನೋಡುತ್ತಿರುವ ಸಂಗತಿಯನ್ನು ಅಪ್ಪನಿಗೆ ತಿಳಿಸಿದೆ. "ಕಾಯ್ಲಿ ಬಿಡು, ಗಿರಾಕಿ ಇದ್ದಾರೆ" ಎಂದರು.