ದೊರೆ ಕಾರಿನ ಎಂಜಿನ್ನಿಗೆ ಕೋವಿಯ ಗಜ

ಯಂತ್ರ ಇದ್ದ ಕಡೆ ಏನಾದರೊಂದು ಎಡವಟ್ಟು ನಡೆಯುತ್ತಲೇ ಇರುತ್ತದೆ. ನಗುವವರು ಒಬ್ಬರು, ಅಳುವವರು ಇನ್ನೊಬ್ಬರು, ಅಷ್ಟೇ ವ್ಯತ್ಯಾಸ. ಬ್ರಿಟಿಷರ ಕಾಲದಲ್ಲಿ ಕೊಡಗಿನ ಪೊನ್ನಂಪೇಟೆ ಕಡೆಯ ಒಂದು ಕಾಫಿ ಎಸ್ಟೇಟಿನ ಮೋಟಾರ್ ಶೆಡ್ಡಿನಲ್ಲಿ ನಾನು ಫಿಟ್ಟರ್ ಆಗಿದ್ದೆ. ಅಳುವ ಪಾಳಿ ಹೆಚ್ಚಾಗಿ ನನ್ನದೇ. ಈಗ ಯಾರು ಬೇಕಾದರೂ ಬಾನೆಟ್ ಎತ್ತಿ, ಕಡ್ಡಿ ಎಳೆದು, ಒರೆಸಿ, ಮತ್ತೊಮ್ಮೆ ಅದ್ದಿ, ಎಂಜಿನ್ನಿನಲ್ಲಿ ಎಣ್ಣೆ ಎಷ್ಟಿದೆ ಅಂತ ಅರ್ಧ ನಿಮಿಷದಲ್ಲಿ ಹೇಳಿಬಿಡುತ್ತಾರೆ. ಅದನ್ನು ಕಂಡಾಗಲೆಲ್ಲ ನನಗೆ ಎಸ್ಟೇಟಿನ ಮ್ಯಾನೇಜರನಾಗಿದ್ದ ನಮ್ಮ ಬಿಳಿ ದೊರೆಯ ಹಳೇ ಕಾರು ನೆನಪಾಗುತ್ತದೆ. ಆ ದಿನಗಳು ಮತ್ತೆ ಬರುವುದಿಲ್ಲ ಅಂತ ಬೇಜಾರೂ ಆಗುತ್ತದೆ.

೧. ಇಂಬಳದ ಪಾಲು

ಆ ಕಾರಿಗೆ ಎಣ್ಣೆ ನೋಡುವ ಕಡ್ಡಿಯೇ ಇರಲಿಲ್ಲ. ಎಂಜಿನ್ನಿನ ಹೊಟ್ಟೆಯ ಪಕ್ಕದಲ್ಲಿ ಒಂದು ಪುಟ್ಟ ನಲ್ಲಿ. ಕಾರಿನ ಅಡಿಗೆ ಅಂಗಾತ ತೆವಳಿಕೊಂಡು ಹೋಗಿ ಅದನ್ನು ತಿರುಗಿಸಬೇಕು. ಎಣ್ಣೆ ತೊಟ್ಟಿಕ್ಕಿದರೆ ಸಾಕಷ್ಟಿದೆ ಅಂತ ಅರ್ಥ, ತೊಟ್ಟಿಕ್ಕದಿದ್ದರೆ ಹಾಕಬೇಕು ಅಂತ ಅರ್ಥ. ಬಿಸಿಲೂರಿನಲ್ಲಿ ಇದೇನೂ ದೊಡ್ಡ ವಿಷಯವಲ್ಲ. ಆದರೆ ನಮ್ಮಲ್ಲಿ ಆಷಾಢದ ಕೆಸರಿನಲ್ಲಿ ಮಲಗಿದವನ ಮೈಯೆಲ್ಲ ಇಂಬಳ. ಅದು ಒಮ್ಮೆ ಕಚ್ಚಿತೆಂದರೆ ರಕ್ತ ಕುಡಿದು ಹೊಟ್ಟೆ ತುಂಬಿದ ಮೇಲೇ ಬಿಡುವುದು.

ಡ್ರೈವರು ಅಲ್ಲೇ ಹತ್ತಿರದ ಕೊಡವರು, ಸೈನ್ಯದ ಪಟಾಲಮ್ಮಿನಿಂದ ಬಂದವರು. ಗಿರಿಜಾ ಮೀಸೆ, ನೆಟ್ಟಗಿನ ಬೆನ್ನು. ಯಾರ ಮುಂದೆಯೂ ಬಗ್ಗದ ಆ ಬೆನ್ನು ದಿನಕ್ಕೆರಡು ಸಲ ಆ ನಲ್ಲಿಯ ಮುಂದೆ ಮಾತ್ರ ಬಗ್ಗುತ್ತಿತ್ತು. ಒಂದು ದಿನ ಅವರು ಕಾರಿನ ಅಡಿಯಿಂದ ಎದ್ದು ಬಂದಾಗ ಮೀಸೆಯ ಎರಡು ತುದಿಯಲ್ಲೂ ಒಂದೊಂದು ಇಂಬಳ ಜೋತಾಡುತ್ತಿತ್ತು.

ದೊರೆ ಕೇಳಿದ: "ಎಣ್ಣೆ ಸರಿ ಇದೆಯಾ?"

ಡ್ರೈವರು ಸಲ್ಯೂಟ್ ಹೊಡೆದು ಹೇಳಿದರು: "ಎಂಜಿನ್ನಲ್ಲಿ ಸರಿ ಇದೆ ದೊರೆ. ನನ್ನಲ್ಲೇ ಕಮ್ಮಿ ಆಗಿದೆ."

೨. ಎಂಟು ತೂತು

ಮುಂದಿನ ಬೇಸಿಗೆಯಲ್ಲಿ ನಲ್ಲಿ ಸರಿಯಾಗಿ ಮುಚ್ಚದೆ ಎಣ್ಣೆಯೆಲ್ಲ ದಾರಿಗೆ ಸುರಿದು, ಬೇರಿಂಗು ಸುಟ್ಟುಹೋಯಿತು. ಹೊಸದು ಬಿಲಾತಿಯಿಂದ ಹಡಗಿನಲ್ಲಿ ಬರುವಷ್ಟರಲ್ಲಿ ದೊರೆ ಮೂರು ತಿಂಗಳು ಕುದುರೆ ಮೇಲೆ ತಿರುಗಿದ. ಅವನಿಗೂ ಆ ಕುದುರೆಗೂ ಆಗುತ್ತಿರಲಿಲ್ಲ. ಕಡೆಗೆ ನನ್ನನ್ನು ಕರೆದು, "ಬೇರೆ ಕಾರಿಗೆಲ್ಲ ಕಡ್ಡಿ ಇದೆ. ಇದಕ್ಕೂ ಒಂದು ತೂತು ಕೊರೆದು ಕಡ್ಡಿ ಹಾಕು" ಅಂದ.

ಆ ಎಂಜಿನ್ನಿನ ಬ್ಲಾಕು ಎರಕದ ಕಬ್ಬಿಣದ್ದಲ್ಲ, ಅಲ್ಯೂಮಿನಿಯಂನದು. ನಾನು ಜನ್ಮದಲ್ಲಿ ಅಲ್ಯೂಮಿನಿಯಂ ಕೊರೆದವನಲ್ಲ. "ಸೀಳಿಬಿಟ್ಟರೆ ದೊರೆ?" ಅಂದೆ.

"ಸೀಳಿದರೆ ನಾನು ಏನೂ ನೋಡಿಲ್ಲ, ನೀನು ಇಲ್ಲಿ ಇಲ್ಲ" ಅಂದ ಅವನು. ಕಾರು ಕಂಪನಿಯದು, ಅವನಿಗೂ ಮೇಲೊಬ್ಬ ದೊಡ್ಡ ದೊರೆ ಇದ್ದ.

ನನಗೆ ಮದುವೆಯಾಗಿ ಆರು ತಿಂಗಳಾಗಿತ್ತು. ಎಸ್ಟೇಟಿನ ಲೈನ್ ಮನೆಯಲ್ಲಿ ಒಂದೂವರೆ ಕೋಣೆಯ ಸಂಸಾರ. ನಮ್ಮೂರು ಕೊಡ್ಲಿಪೇಟೆಯಲ್ಲಿ ಅಪ್ಪ, "ನೇಗಿಲು ಬಿಟ್ಟು ಸ್ಪ್ಯಾನರ್ ಹಿಡಿದು ಹೊಂಟಿದೀಯ, ನೋಡ್ತೀನಿ ಎಷ್ಟು ದಿನ" ಅಂತ ಬಾಗಿಲಲ್ಲೇ ನಿಂತು ಹೇಳಿ ಕಳಿಸಿದ್ದರು. ಕೆಲಸ ಕಳೆದುಕೊಂಡು ಹೆಂಡತಿ ಜೊತೆ ಆ ಬಾಗಿಲಿಗೆ ಹೋಗಿ ನಿಲ್ಲುವುದಕ್ಕಿಂತ ಕಾವೇರಿ ಹೊಳೆ ಮೇಲು ಅನ್ನಿಸಿತ್ತು. ಹಾಗಾಗಿ ಮೊದಲು ಕೈ ಪಳಗಿಸಬೇಕಿತ್ತು. ನಮ್ಮ ಮನೆಯಲ್ಲಿ ಅಲ್ಯೂಮಿನಿಯಂ ಅಂತ ಇದ್ದದ್ದು ಒಂದೇ: ಭಾವಮೈದ ಮೈಸೂರಿನಿಂದ ತಂದುಕೊಟ್ಟಿದ್ದ ಅನ್ನದ ಪಾತ್ರೆ.

ಹೆಂಡತಿ ನೀರಿಗೆ ಹೋದಾಗ ಅದನ್ನು ಶೆಡ್ಡಿಗೆ ಒಯ್ದೆ. ಮೊದಲ ತೂತು ಹರಿದೇ ಹೋಯಿತು. ಎರಡನೆಯದಕ್ಕೆ ಡ್ರಿಲ್ಲಿನ ಮೊನೆಗೆ ಲೋಹ ಮೆತ್ತಿಕೊಂಡಿತು. ಸೀಮೆಎಣ್ಣೆ ಬಿಟ್ಟುಕೊಂಡು ನಿಧಾನಕ್ಕೆ ಕೊರೆಯಬೇಕು ಅಂತ ಗೊತ್ತಾಗಿದ್ದು ಐದನೆಯ ತೂತಿಗೆ. ಎಂಟನೆಯದು ಮುತ್ತಿನ ಹಾಗೆ ಬಂತು. ಸಾಯಂಕಾಲ ಪಾತ್ರೆಯನ್ನು ಅವಳ ಮುಂದಿಟ್ಟು, ತಲೆ ತಗ್ಗಿಸಿ ನಿಂತೆ.

ಅವಳು ಪಾತ್ರೆಯನ್ನು ಬೆಳಕಿಗೆ ಹಿಡಿದು ತೂತುಗಳನ್ನು ನೋಡಿದಳು. ನನ್ನನ್ನೂ ನೋಡಿದಳು. "ಕೊರೆದಿದ್ದು ಕೊರೆದ್ರಿ, ಇನ್ನೂ ನಾಕು ಕೊರೀಬಾರ್ದಿತ್ತಾ? ಇಷ್ಟರಲ್ಲಿ ಕಡುಬು ಸರಿಯಾಗಿ ಬೇಯಲ್ಲ" ಅಂದಳು.

೩. ಒಡೆದದ್ದು ಏನು?

ಕೊರೆಯುವ ದಿನ ಶೆಡ್ಡಿನೊಳಗೆ ನಾನೂ ಡ್ರೈವರೂ ಇಬ್ಬರೇ. ದೊರೆ ಹೇಳಿದ ಮಾತಿನಂತೆ ಏನೂ ನೋಡದಿರಲು ಬಂಗಲೆಯಲ್ಲೇ ಉಳಿದಿದ್ದ. ಎಂಜಿನ್ನಿನ ತಳ ಬಿಚ್ಚಿ, ಒಳಗೆ ತಿರುಗುವ ಭಾಗಕ್ಕೆ ಕಡ್ಡಿ ತಾಗದ ಜಾಗ ನೋಡಿ ಗುರುತು ಹಾಕಿದೆ. ಪುಡಿ ಒಳಗೆ ಉದುರದಂತೆ ಮೊನೆಗೆ ಗ್ರೀಸ್ ಮೆತ್ತಿದೆ. ಕೈಡ್ರಿಲ್ ತಿರುಗಿಸುತ್ತಾ ಬಂದೆ. ಬೆವರು ಕಣ್ಣಿಗಿಳಿಯುತ್ತಿತ್ತು. ಇನ್ನೇನು ಆಚೆ ಬದಿಗೆ ಮೊನೆ ಇಣುಕಬೇಕು, ಅಷ್ಟರಲ್ಲಿ "ಫಟ್!" ಅಂತ ಶಬ್ದ.

ನಾನು ಡ್ರಿಲ್ ಬಿಟ್ಟು ಅಲ್ಲೇ ಕೂತೆ. ಕಣ್ಣ ಮುಂದೆ ಅಪ್ಪ, ಕೊಡ್ಲಿಪೇಟೆಯ ಬಾಗಿಲು. "ಸೀಳ್ತಾ ಅಣ್ಣ?" ಅಂದೆ. ಅಳು ಬಂದೇ ಬಿಟ್ಟಿತ್ತು.

ಹಿಂದಿನಿಂದ ಡ್ರೈವರು ಸಮಾಧಾನ ಹೇಳಿದರು: "ಬ್ಲಾಕ್ ಅಲ್ಲ ಮಾರಾಯ. ನಿನ್ನ ಕೆಲಸ ಉಳೀಲಿ ಅಂತ ನಮ್ಮ ಇಗ್ಗುತಪ್ಪ ದೇವರಿಗೆ ತೆಂಗಿನಕಾಯಿ ಒಡೆದೆ!"

ತೂತು ಸರಿಯಾಗಿಯೇ ಬಂದಿತ್ತು. ಈಗ ಕಡ್ಡಿ ಬೇಕಲ್ಲ? ಬಿದಿರಿನ ಸೀಳು ಹಾಕಿದೆವು, ಮುರಿದು ಒಳಗೇ ಬಿತ್ತು. ಮತ್ತೆ ತಳ ಬಿಚ್ಚಿದ್ದಾಯಿತು. ತಂತಿ ಹಾಕಿದೆವು, ಡೊಂಕಾಯಿತು. ಮಾರನೆಯ ದಿನ ಡ್ರೈವರು ಮನೆಯಿಂದ ಒಂದು ಕಬ್ಬಿಣದ ಕಂಬಿ ತಂದರು. ಅವರ ತಂದೆಯ ಕೇಪಿನ ಕೋವಿಗೆ ಮದ್ದು ಜಡಿಯುವ ಗಜ. ನಾಟಿ ಕಾಲ, ಬೇಟೆ ಇಲ್ಲ, ಕೋವಿಯನ್ನೆಲ್ಲ ಒಳಗಿಟ್ಟಿದ್ದಾರೆ, ಯಾರೂ ಹುಡುಕುವುದಿಲ್ಲ ಅಂದರು.

ಗಜ ತೂತಿಗೆ ಹೇಳಿ ಮಾಡಿಸಿದ ಹಾಗೆ ಇಳಿಯಿತು. ಆದರೆ ಉದ್ದ ಬಹಳ. ಬಾನೆಟ್ ಮುಚ್ಚುವ ಹಾಗಿಲ್ಲ. "ಸ್ವಲ್ಪ ಕತ್ತರಿಸೋಣವಾ ಅಣ್ಣ?" ಅಂದೆ.

"ಅದನ್ನ ಒಂದಿಂಚು ಕತ್ತರಿಸಿದರೆ ನನ್ನ ಅಪ್ಪ ನನ್ನನ್ನ ಎರಡಿಂಚು ಕತ್ತರಿಸ್ತಾರೆ" ಅಂದರು ಡ್ರೈವರು. ಹಾಗಾಗಿ ತೂತಿಗೆ ಮರದ ಬಿರಡೆ ಜಡಿದು, ಗಜವನ್ನು ಡ್ರೈವರ ಸೀಟಿನ ಪಕ್ಕದಲ್ಲೇ ನಿಲ್ಲಿಸಿಕೊಂಡು ಓಡಾಡಿದೆವು. ಅವರಿಗೆ ಗೊತ್ತಾಗದಂತೆ ನಾನು ಅದರ ತುದಿಯಲ್ಲಿ ಅರದಿಂದ ಎರಡು ಗೀರು ಮಾತ್ರ ಹಾಕಿದೆ. ಮೇಲಿನದು ತುಂಬಿದ್ದಕ್ಕೆ, ಕೆಳಗಿನದು ಖಾಲಿಯಾಗಿದ್ದಕ್ಕೆ.

೪. ಸಮತಟ್ಟು ಜಾಗ

ಮೊದಲ ವಾರದಲ್ಲೇ ಎಡವಟ್ಟು. ಬಂಗಲೆಯ ಮುಂದೆ ನೋಡಿದರೆ ಎಣ್ಣೆ ಮೇಲಿನ ಗೀರು ದಾಟಿರುತ್ತಿತ್ತು, ಶೆಡ್ಡಿಗೆ ತಂದರೆ ಕೆಳಗಿನದಕ್ಕೂ ಮುಟ್ಟುತ್ತಿರಲಿಲ್ಲ. ನಾನು ಸುರಿಯುವುದು, ಡ್ರೈವರು ತೆಗೆಯುವುದು, ಇದೇ ಆಯಿತು. ಕಡೆಗೆ ತಲೆಗೆ ಹೊಳೆಯಿತು: ಬಂಗಲೆ ಮುಂದೆ ಏರು, ಶೆಡ್ಡಿನ ಮುಂದೆ ಇಳಿಜಾರು. ಕೊಡಗಿನಲ್ಲಿ ಒಂದು ಕಾರು ನೆಟ್ಟಗೆ ನಿಲ್ಲುವ ಜಾಗ ಎಂದರೆ ಎರಡೇ. ಒಂದು ಗದ್ದೆ, ಇನ್ನೊಂದು ಕಾಫಿ ಒಣಗಿಸುವ ಕಣ.

ಗದ್ದೆಯಲ್ಲಿ ನೀರು ನಿಂತಿತ್ತು. ಆದ್ದರಿಂದ ದಿನಾ ಬೆಳಿಗ್ಗೆ ಕಾರು ಕಣಕ್ಕೆ ಬರತೊಡಗಿತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಬಹಳ ಶಿಸ್ತಿನ ಮನುಷ್ಯ. ಕಣದ ಮೇಲೆ ಚಪ್ಪಲಿ ಕಾಲು ಇಟ್ಟರೂ ಬೈಯುತ್ತಿದ್ದವರು. ಅವರ ಗುಡಿಸಿದ ಕಣದ ನಟ್ಟನಡುವೆ ಟಯರಿನ ಕೆಸರು, ಎಣ್ಣೆಯ ಚುಕ್ಕಿ!

"ಸುಗ್ಗಿಗೆ ಇಲ್ಲಿ ಹರಡೋ ಕಾಫಿಗೆ ಎಣ್ಣೆ ವಾಸನೆ ಹೊಡೆದರೆ ಲಂಡನ್ನಿನವರಿಗೆ ಯಾರು ಉತ್ತರ ಹೇಳೋದು?" ಅಂತ ಅವರು ಕೂಗಿದರು.

ಡ್ರೈವರು ಗಜ ಒರೆಸುತ್ತಾ, "ಹೆದರಬೇಡಿ ರೈಟರೇ. ಆ ಕಾಫಿ ಕುಡಿದವರಿಗೆ ಕೀಲು ನೋವು ಬರಲ್ಲ" ಅಂದರು.

೫. ನಾಲ್ಕು ಬೆರಳು

ರೈಟರು ಆ ಮಾತನ್ನು ಮರೆಯಲಿಲ್ಲ. ಕಂಪನಿಯ ಎಂಜಿನ್ನಿಗೆ ಫಿಟ್ಟರ್ ತೂತು ಕೊರೆದಿದ್ದಾನೆ ಅಂತ ದೊಡ್ಡ ದೊರೆಗೆ ಕಾಗದ ಹೋಯಿತು. ದೊಡ್ಡ ದೊರೆ ಖುದ್ದಾಗಿ ನೋಡಿಯೇ ನನ್ನನ್ನು ಇಡುವುದೋ ಕಳಿಸುವುದೋ ತೀರ್ಮಾನ ಮಾಡುತ್ತೇನೆ ಅಂತ ಬಂದ. ಬಂದ ದಿನ ಕೈಲ್‌ಮುಹೂರ್ತ. ನಾಟಿ ಮುಗಿಸಿದ ಕೊಡವರು ಕೋವಿ ಕತ್ತಿಗಳನ್ನು ಹೊರಗೆ ತೆಗೆದು ಪೂಜಿಸುವ ಹಬ್ಬ. ಡ್ರೈವರಿಗೆ ರಜೆ.

ನಮ್ಮ ದೊರೆ ಬಾನೆಟ್ ಎತ್ತಿದ. ದೊಡ್ಡ ದೊರೆ ಬಿರಡೆ ಕಿತ್ತು ಇಣುಕಿದ. "ತೂತು ಕಂಡೆ. ಕಡ್ಡಿ ಎಲ್ಲಿ?"

ಸೀಟಿನ ಪಕ್ಕ ಗಜ ಇರಲಿಲ್ಲ. "ಪೂಜೆಗೆ ಹೋಗಿದೆ ದೊರೆ" ಅಂದೆ.

ದೊಡ್ಡ ದೊರೆ ನಮ್ಮ ದೊರೆಯನ್ನೂ ಕೂರಿಸಿಕೊಂಡು ಅದೇ ಕಾರು ಹೊರಡಿಸಿದ. ನಾನು ಫುಟ್‌ಬೋರ್ಡಿನ ಮೇಲೆ ನಿಂತು ದಾರಿ ತೋರಿಸಿದೆ. ಡ್ರೈವರ ಮನೆಯ ಅಂಗಳದಲ್ಲಿ ಇಳಿದರೆ, ಒಳಗೆ ದೀಪದ ಕೆಳಗೆ ಕೋವಿ. ಪಕ್ಕದಲ್ಲಿ ನಮ್ಮ ಎಂಜಿನ್ನಿನ ಗಜ, ಮೈಯೆಲ್ಲ ಗಂಧ, ತುದಿಗೆ ಹಬ್ಬದಲ್ಲಿ ಕೋವಿಗೆ ಮುಡಿಸುವ ಕೆಂಪು ತೋಕ್‌ಪೂ ಹೂವು ಸಿಕ್ಕಿಸಿಕೊಂಡು ಮಲಗಿತ್ತು. ಡ್ರೈವರು ನಮ್ಮನ್ನು ಕಂಡಿದ್ದೇ ಹಿತ್ತಲಿಗೆ ಮಾಯ. ಅವರ ತಂದೆ, ಎಂಬತ್ತು ದಾಟಿದ ಅಜ್ಜ, ಕೊಡವರ ಉದ್ದನೆಯ ಕುಪ್ಯ ಅಂಗಿ ತೊಟ್ಟು, ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿಕೊಂಡು ಹೊರಗೆ ಬಂದರು. ಹಬ್ಬದ ದಿನ ಬಂದವರು ಉಣ್ಣದೆ ಮಾತಾಡುವ ಹಾಗಿಲ್ಲ ಅಂದರು. ದೊಡ್ಡ ದೊರೆ ಕಡಂಬುಟ್ಟು ಅನ್ನುವ ಅಕ್ಕಿ ಉಂಡೆ, ಹಂದಿಕರಿ ಮೂರು ಸಲ ಬಡಿಸಿಕೊಂಡ. ನಾನು ಮಾತ್ರ ಎಲೆ ಮುಂದೆ ಕೂತು ದೀಪದ ಕೆಳಗಿನ ಗಜವನ್ನೇ ನೋಡುತ್ತಿದ್ದೆ.

ಉಂಡಾದ ಮೇಲೆ ಅಜ್ಜ ಗಜವನ್ನು ಎರಡು ಕೈಯಲ್ಲಿ ತಂದುಕೊಟ್ಟರು. ಒರೆಸಿ, ಎಂಜಿನ್ನಿಗೆ ಅದ್ದಿ, ಹೊರಗೆಳೆದೆ. ನನ್ನ ಗೀರು ಎರಡೂ ಇರಲಿಲ್ಲ! ಗಜ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

"ಯಾವನೋ ಕಳ್ಳ ನಮ್ಮ ಗಜಕ್ಕೆ ಗಾಯ ಮಾಡಿದ್ದ" ಅಂದರು ಅಜ್ಜ. "ನಿನ್ನೆ ಸಂಜೆ ಕೂತು ಅರ ಹಾಕಿ ಉಜ್ಜಿದೆ."

"ಗುರುತಿಲ್ಲದ ಕಡ್ಡಿಯಿಂದ ಎಣ್ಣೆ ಎಷ್ಟಿದೆ ಅಂತ ಹೇಗೆ ಹೇಳ್ತೀಯ?" ಅಂದ ದೊಡ್ಡ ದೊರೆ, ನನ್ನನ್ನೇ ನೋಡಿ. ನಾನು ಮನಸ್ಸಿನಲ್ಲೇ ಪಾತ್ರೆಪಗಡ ಕಟ್ಟತೊಡಗಿದೆ.

ಅಜ್ಜ ಕಿರುನಗೆ ನಕ್ಕು ನನ್ನ ಕೈಯಿಂದ ಗಜ ಕಿತ್ತುಕೊಂಡರು. "ಇದಕ್ಕೆಲ್ಲ ಗುರುತು ಯಾಕೆ?" ಅಂದು, ಎಣ್ಣೆ ಅಂಟಿದ ತುದಿಗೆ ಬೆರಳು ಜೋಡಿಸಿ ಅಡ್ಡ ಇಟ್ಟರು. ಕೋವಿಯಲ್ಲಿ ಮದ್ದು ಎಷ್ಟಿದೆ ಅಂತ ಅವರು ಹುಟ್ಟಿದಾಗಿನಿಂದ ಅಳೆದದ್ದು ಹಾಗೆಯೇ. "ನಾಲ್ಕು ಬೆರಳು ಇದೆ. ಹಂದಿ ಹೊಡೆಯೋಕೆ ಧಾರಾಳ ಸಾಕು."

ನಮ್ಮ ದೊರೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ದೊಡ್ಡ ದೊರೆ ಅಜ್ಜನ ಬೆರಳನ್ನು ನೋಡಿದ. ಆಮೇಲೆ ಬಗ್ಗಿ, ತನ್ನ ನಾಲ್ಕು ಬೆರಳನ್ನೂ ಗಜದ ಮೇಲೆ ಇಟ್ಟು ನೋಡಿದ. ಸರಿಯಾಗಿ ಕೂತಿತು. ನನ್ನ ಕಡೆ ತಿರುಗಿ, "ತೂತು ಒಳ್ಳೆಯ ತೂತು. ನೀನು ಇರು" ಅಂದ. ನಾನು ಅಜ್ಜನ ಕಾಲಿಗೆ ಬಿದ್ದೆ.

ಹೊರಡುವಾಗ ದೊಡ್ಡ ದೊರೆ ಏನೋ ನೆನಪಾದವನಂತೆ ನಿಂತು, ನಮ್ಮ ದೊರೆಯ ಬಾಯಲ್ಲಿ ಅಜ್ಜನನ್ನು ಗಂಭೀರವಾಗಿ ಕೇಳಿಸಿದ: "ನಾನು ಈಗ ಇದೇ ಕಾರಿನಲ್ಲಿ ಹುಣಸೂರಿಗೆ ಹೋಗಬೇಕು. ನಾಲ್ಕು ಬೆರಳು ಸಾಕಾ?"

ಅಜ್ಜ ಗಡ್ಡ ಕೆರೆದುಕೊಂಡು ಯೋಚಿಸಿದರು. "ತಿತಿಮತಿ ಕಾಡು ದಾಟಬೇಕಲ್ಲ, ಅಲ್ಲಿ ಹುಲಿ ಉಂಟು. ಐದು ಹಾಕಿಸಿ."