ಗಡ್ಡ ನನ್ನದು, ಕ್ರೀಮೂ ನನ್ನದೇ

ಔಷಧಿ ಅಂಗಡಿಯವನಿಗೆ ಕಾಯಿಲೆ ಬರಬಾರದು ಅಂತ ಗುಬ್ಬಿಯ ಜನ ಯಾವಾಗಲೋ ತೀರ್ಮಾನ ಮಾಡಿಬಿಟ್ಟಿದ್ದಾರೆ. ನನಗೆ ಬಂದಿದೆ. ಹುಬ್ಬು, ಮೂಗಿನ ಪಕ್ಕ, ಗಡ್ಡದ ಒಳಗೆಲ್ಲ ಕೆಂಪಗಾಗಿ ಹೊಟ್ಟು ಏಳುತ್ತದೆ. ಡಾಕ್ಟರು ಸೆಬೊರಿಕ್ ಡರ್ಮಟೈಟಿಸ್ ಅನ್ನುತ್ತಾರೆ. ಕ್ರೀಮು ಹಚ್ಚಿದರೆ ಹೋಗುತ್ತದೆ, ಕೆಲವು ತಿಂಗಳು ಬಿಟ್ಟು ಮತ್ತೆ ಬರುತ್ತದೆ. ಇದನ್ನು ಗಿರಾಕಿಗಳಿಗೆ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಆಚೆ ಬೀದಿಯ ಹೊಸ ಅಂಗಡಿಯವನು ಮಾತ್ರ "ಮೂರೇ ದಿನ, ಮತ್ತೆ ಬರಲ್ಲ" ಅಂತ ಸ್ಟೀರಾಯ್ಡ್ ಬೆರೆತ ಕ್ರೀಮು ಕೊಡುತ್ತಾನೆ. ನನ್ನ ಗಿರಾಕಿಗಳು ಒಬ್ಬೊಬ್ಬರೇ ಅಲ್ಲಿಗೆ ಜಾರತೊಡಗಿದರು.

"ಗಡ್ಡಾನಾದ್ರೂ ತೆಗೀರಿ, ಇಲ್ಲಾ ಅಂಗಡೀಲಿ ಅವನ ಆ ಮೂರು ದಿನದ ಕ್ರೀಮಾದ್ರೂ ಇಡಿ," ಅಂದಳು ಮನೆಯವಳು. ಎರಡೂ ಆಗಲ್ಲ ಅಂದೆ.

೧. ರಿಪೇರಿ

ನಿಟ್ಟೂರಿನ ಟ್ರ್ಯಾಕ್ಟರ್ ಮೆಕ್ಯಾನಿಕ್ ಒಬ್ಬ ಬಂದ. ಹುಬ್ಬಿನ ತುಂಬ ಹೊಟ್ಟು. ಡಾಕ್ಟರ ಚೀಟಿ ನೋಡಿ ಕೀಟೊಕೊನಜೋಲ್ ಕ್ರೀಮು ತೆಗೆದಿಟ್ಟೆ. ಅವನು ಕ್ರೀಮು ನೋಡಲಿಲ್ಲ, ನನ್ನ ಗಡ್ಡ ನೋಡಿದ.

"ಭಾಯ್, ಇದು ಕೆಲ್ಸ ಮಾಡೋದಾದ್ರೆ ನಿಮ್ದ್ಯಾಕೆ ಹಿಂಗೈತೆ?"

"ನಂದು ಹೋಗಿತ್ತು, ಮೊನ್ನೆ ವಾಪಸ್ ಬಂತು. ನಿಮ್ದೂ ಬರಬಹುದು. ಬಂದಾಗ ಮತ್ತೆ ಹಚ್ಬೇಕು."

"ವಾಪಸ್ ಬಂದ್ರೆ ಅದೆಂಥಾ ರಿಪೇರಿ?"

"ನೀವು ರಿಪೇರಿ ಮಾಡಿದ್ ಟ್ರ್ಯಾಕ್ಟರ್ ವಾಪಸ್ ಬರೋದೇ ಇಲ್ವಾ?"

ಅವನು ಚೀಟಿ ಎತ್ತಿಕೊಂಡು ನೆಟ್ಟಗೆ ಆಚೆ ಬೀದಿಗೆ ಹೋದ.

೨. ಎಡಕ್ಕೊಂದು ಬಲಕ್ಕೊಂದು

"ಕ್ಲೋಟ್ರಿಮಜೋಲ್ ಮೇಲೋ, ಕೀಟೊಕೊನಜೋಲ್ ಮೇಲೋ?" ಅಂತ ಕೇಳಿದವರು ನಿವೃತ್ತ ವಿಜ್ಞಾನದ ಮೇಷ್ಟ್ರು. ಎರಡೂ ಕೆಲಸ ಮಾಡುತ್ತವೆ, ತಪ್ಪದೆ ಹಚ್ಚುವುದು ಮುಖ್ಯ ಅಂದೆ. ಅವರು ಬಾಯಿಮಾತು ನಂಬುವವರಲ್ಲ. ಎರಡನ್ನೂ ಕೊಂಡು ಎಡಗೆನ್ನೆಗೊಂದು, ಬಲಗೆನ್ನೆಗೊಂದು ಅಂತ ನೋಟ್‌ಬುಕ್ಕಿನಲ್ಲಿ ಬರೆದು ಶುರು ಮಾಡಿದರು.

ಮೂರು ವಾರ ಬಿಟ್ಟು ಬಂದಾಗ ಎರಡು ಕೆನ್ನೆಯೂ ಶುಭ್ರ, ಮುಖ ಮಾತ್ರ ಸಪ್ಪಗೆ. ಬೆಳಿಗ್ಗೆ ತಾವೇ ಹಚ್ಚಿಕೊಳ್ಳುತ್ತಿದ್ದರಂತೆ. ಸಂಜೆ ಹೆಂಡತಿ ಎದುರು ಕೂತು ಹಚ್ಚುತ್ತಿದ್ದರಂತೆ. ಆಕೆ ತನ್ನ ಎಡಗೈ ಕಡೆ ಇದ್ದದ್ದೇ ಎಡಗೆನ್ನೆ ಅಂದುಕೊಂಡಿದ್ದರು.

"ಗುಣ ಆಯ್ತಲ್ಲ ಸಾರ್?"

"ಗುಣ ಯಾರಿಗ್ ಬೇಕು ಕಣ್ರೀ? ಪ್ರಯೋಗ ಕೆಟ್ಟೋಯ್ತು!"

೩. ಕಡಬದ ಎಣ್ಣೆ

ಕಡಬದ ಅಜ್ಜಿಗೆ ನೆತ್ತಿಯಿಂದ ಹಣೆಯವರೆಗೂ ಹೊಟ್ಟು ಇಳಿದಿತ್ತು. ಸ್ವಲ್ಪ ದಿನ ತಲೆಗೆ ಎಣ್ಣೆ ಬೇಡ, ಇದಕ್ಕೆ ಎಣ್ಣೆ ಆಗಲ್ಲ ಅಂದೆ.

"ಅಷ್ಟು ದೊಡ್ಡ ತೆಂಗಿನ ತೋಟ ಮಡಿಕ್ಕಂಡು ತಲೆ ಒಣಗಿಸ್ಕಂಡು ಓಡಾಡ್ಲಾ? ನೋಡ್ದೋರು ಏನಂದಾರು?"

ನಾನು ಪಟ್ಟು ಬಿಡಲಿಲ್ಲ. ಬೈದುಕೊಂಡೇ ಹೋದರು. ಮುಂದಿನ ವಾರ ಹಣೆ ತಿಳಿಯಾಗಿತ್ತು. ಖುಷಿಯಿಂದ ಒಂದು ಬಾಟಲಿ ಕೌಂಟರಿನ ಮೇಲಿಟ್ಟರು.

"ಗಾಣದ ಎಣ್ಣೆ ಕಣಪ್ಪ. ನಾನಂತೂ ಹಚ್ತಿಲ್ಲ. ನೀನಾದ್ರೂ ಗಡ್ಡಕ್ಕೆ ಹಚ್ಕೋ."

೪. ಸಾಕ್ಷಿ

ಎರಡು ತಿಂಗಳ ಮೇಲೆ ನಿಟ್ಟೂರಿನ ಮೆಕ್ಯಾನಿಕ್ ವಾಪಸ್ ಬಂದ. ಮುಖ ಮೆಣಸಿನಕಾಯಿ ಅರೆದು ಹಚ್ಚಿದ ಹಾಗಿತ್ತು. ಮೂರು ದಿನದ ಕ್ರೀಮನ್ನು ಒಂದೂವರೆ ತಿಂಗಳು ಹಚ್ಚಿ, ಬಿಟ್ಟ ತಕ್ಷಣ ಉರಿ ಎದ್ದಿತ್ತು. ಮೊದಲು ಡಾಕ್ಟರ ಹತ್ತಿರ ಹೋಗಿ ಅಂದೆ.

"ಅಲ್ಲಿಂದ್ಲೇ ಬಂದೆ ಭಾಯ್, ಚೀಟಿ ತಗಳಿ," ಅಂದ. ಜೊತೆಗೆ ಕುಣಿಗಲ್ಲಿನ ಬಾಮೈದನನ್ನೂ ಕರೆತಂದಿದ್ದ. ಅವನ ಹುಬ್ಬಲ್ಲೂ ಹೊಟ್ಟು, ಕೈಯಲ್ಲೂ ಚೀಟಿ.

"ಇಲ್ಲೇ ತಗಳ್ಲಾ. ಇವ್ರು ವಾಪಸ್ ಬರಲ್ಲ ಅಂತ ಸುಳ್ಳು ಹೇಳಲ್ಲ. ಸಾಕ್ಷಿ ಬೇಕಾದ್ರೆ ಆ ಗಡ್ಡ ನೋಡು!"

ನನ್ನ ಎದೆ ಉಬ್ಬಿತು. ಬಾಮೈದ ಕೌಂಟರಿನ ಮೇಲೆ ಬಗ್ಗಿ ಗಡ್ಡ ನೋಡಿದ.

"ಎಲ್ ಭಾವ? ಏನೂ ಇಲ್ಲ!"

ಮೂರು ವಾರದಿಂದ ತಪ್ಪದೆ ಕ್ರೀಮು ಹಚ್ಚಿದ್ದೆನಲ್ಲ, ಗಡ್ಡ ಲಕಲಕ ಅನ್ನುತ್ತಿತ್ತು. ಮೆಕ್ಯಾನಿಕ್‌ನ ಮುಖ ಬಿಗಿಯಿತು.

"ನೀವೂ ಆ ಅಂಗಡಿಗೇ ಹೋಗಿದ್ರಾ ಭಾಯ್?"

"ಇಲ್ಲ ಕಣಯ್ಯ! ಚಳಿಗಾಲ ಬರ್ಲಿ, ನೋಡ್ತಾ ಇರು. ಮತ್ತೆ ಬಂದೇ ಬರುತ್ತೆ, ನನ್ನಾಣೆ!"

ಆಮೇಲೇ ಅವರು ಕ್ರೀಮು ತಗೊಂಡಿದ್ದು. ತನ್ನ ಕಾಯಿಲೆ ವಾಪಸ್ ಬರುತ್ತದೆ ಅಂತ ಆಣೆ ಇಟ್ಟು ಔಷಧಿ ಮಾರಿದವನು ತುಮಕೂರು ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.